ಸೈನಿಕನ ಮಗುವಿಗೂ ಅಳಲು ಅವಕಾಶವಿರಲಿ

ನಮ್ಮ ಶೇಡಬಾಳ, ಉಗಾರ, ಕಾಗವಾಡ ಭಾಗದಲ್ಲಿ ಸೈನ್ಯಕ್ಕೆ ಮಗನನ್ನು ಕೊಟ್ಟ ಮನೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರವಿದೆ. ಗಡಿಯಾಚೆ ಶಿರೋಳ ತಾಲ್ಲೂಕಿನಲ್ಲಿ ಹೆಸರಿನಲ್ಲಿಯೇ ಸೈನಿಕನನ್ನು ಹೊತ್ತ ಸೈನಿಕ ಟಾಕಳಿ ಎಂಬ ಊರೇ ಇದೆ. ರಜೆ ಮುಗಿಸಿ ಉತ್ತರಕ್ಕೆ ಹೊರಟ ಯೋಧರನ್ನು ಬೀಳ್ಕೊಡಲು ಮಿರಜ ಜಂಕ್ಷನ್ನಿಗೆ ಹೋದವರು ಆ ದೃಶ್ಯವನ್ನು ಬಲ್ಲರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ತಾಯಿ ಬುತ್ತಿಯ ಗಂಟನ್ನು ಮತ್ತೆ ಮತ್ತೆ ಕಟ್ಟುತ್ತಾಳೆ. ಮಗುವಿನ ಬಾಯಿ ನಡುಗಿದೊಡನೆ ಯಾರಾದರೊಬ್ಬ ಹಿರಿಯರು ಹೇಳುವ ಮಾತು ಒಂದೇ: “ಮಿಲಿಟ್ರಿಯವ್ರ ಮಗಾ ಅದೀ ನೀ, ಅಳಬಾರ್ದು.”

ಈ ಮಾತನ್ನು ನಾವು ಇನ್ನಾದರೂ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಹಿರಿಯರ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಅಳುವನ್ನು ನುಂಗಿದ ಮಗು ಧೈರ್ಯವನ್ನು ಕಲಿಯುವುದಿಲ್ಲ, ಮೌನವನ್ನು ಕಲಿಯುತ್ತದೆ. ಆ ಮೌನ ಅನಂತರ ದೇಹದಲ್ಲಿ ಮಾತನಾಡತೊಡಗುತ್ತದೆ. ನನಗೆ ಪರಿಚಿತ ಕುಟುಂಬವೊಂದರ ಒಂಬತ್ತು ವರ್ಷದ ಬಾಲಕನಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಜಂತುಹುಳುವಿನ ಔಷಧಿಯಾಯಿತು, ದೃಷ್ಟಿ ತೆಗೆದದ್ದಾಯಿತು, ಸ್ಕ್ಯಾನಿಂಗ್ ಕೂಡ ಆಯಿತು. ಯಾವುದರಲ್ಲಿಯೂ ದೋಷ ಕಾಣಲಿಲ್ಲ. ಕೊನೆಗೆ ಅವನ ಅಜ್ಜಿಯೇ ಕಾರಣವನ್ನು ಕಂಡುಕೊಂಡರು. ತಂದೆಯ ಕರೆ ಬರುತ್ತಿದ್ದುದು ರವಿವಾರ ರಾತ್ರಿ. ಗಡಿಯ ಠಾಣೆಯಲ್ಲಿ ಸಿಗ್ನಲ್ ಸಿಗದ ವಾರ ಕರೆ ಬರುತ್ತಿರಲಿಲ್ಲ. ಬಂದರೂ ಬಾರದಿದ್ದರೂ ಸೋಮವಾರದ ಬೆಳಗು ಹುಡುಗನಿಗೆ ಭಾರವಾಗಿತ್ತು. ಮಕ್ಕಳಲ್ಲಿ ಚಿಂತೆಯು ಹೀಗೆಯೇ ಹೊಟ್ಟೆನೋವಾಗಿ, ತಲೆನೋವಾಗಿ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರುವುದಾಗಿ ತೋರಿಕೊಳ್ಳುತ್ತದೆ. ಅದು ನಟನೆಯಲ್ಲ, ನೋವು ನಿಜವಾದದ್ದೇ.

ಸೈನಿಕರ ಮಕ್ಕಳು ಗಟ್ಟಿಗರೆಂಬುದು ಸುಳ್ಳಲ್ಲ. ಬಹುಪಾಲು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಆದರೆ ಆ ಗಟ್ಟಿತನ ರಕ್ತದಲ್ಲಿ ಬಂದದ್ದೆಂದು ನಾವು ಭಾವಿಸುವುದು ತಪ್ಪು. ಅಮೆರಿಕದ ಮನಃಶಾಸ್ತ್ರಜ್ಞೆ ಎಮ್ಮಿ ವರ್ನರ್ ಅವರು ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳನ್ನು ದಶಕಗಳ ಕಾಲ ಅವಲೋಕಿಸಿದರು. ಬಡತನ, ಮನೆಯ ಕಲಹ ಮೊದಲಾದ ಹಲವು ಕಷ್ಟಗಳ ನಡುವೆ ಹುಟ್ಟಿದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ ಬೆಳೆದರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬಂದದ್ದು, ಅವರನ್ನು ಬಿಡದೆ ಪ್ರೀತಿಸಿದ ಕನಿಷ್ಠ ಒಬ್ಬ ಹಿರಿಯರು: ಅಜ್ಜಿ, ಅಕ್ಕ, ಶಿಕ್ಷಕ, ಯಾರಾದರೂ ಸರಿ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಇದಕ್ಕೆ ಕೊರತೆಯಿರಲಿಲ್ಲ. ಈಗ ಮಕ್ಕಳ ಶಾಲೆಗಾಗಿ ತಾಯಿಯೊಬ್ಬಳೇ ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿಯುವುದು ಹೆಚ್ಚುತ್ತಿದೆ. ಆ ತಾಯಿಯ ನಿದ್ರೆ, ಊಟ, ನೆಮ್ಮದಿಗಳನ್ನು ವಿಚಾರಿಸುವವರು ಯಾರು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ಶಿಶುವಿಹಾರಗಳನ್ನು ನಡೆಸಿದ ಅನ್ನಾ ಫ್ರಾಯ್ಡ್ ಅವರು ಗಮನಿಸಿದ್ದೂ ಇದನ್ನೇ: ಸಣ್ಣ ಮಕ್ಕಳು ಬಾಂಬಿನ ಸದ್ದಿಗಿಂತ ತಾಯಿಯ ಮುಖವನ್ನು ನೋಡಿ ಹೆದರುತ್ತಾರೆ, ಅವಳಿಂದ ಅಗಲಿದಾಗ ಇನ್ನೂ ಹೆಚ್ಚು ಕುಗ್ಗುತ್ತಾರೆ. ಮಗುವಿನ ಆರೋಗ್ಯ ಕೇಳಲು ಹೋದವರು ಮೊದಲು ತಾಯಿಯನ್ನು ಕೇಳಬೇಕು.

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದ ದಿನಗಳು ನೆನಪಿರಬಹುದು. ರಜೆಯ ಮೇಲೆ ಬಂದಿದ್ದ ಯೋಧರು ಅರ್ಧದಲ್ಲಿಯೇ ಕರ್ತವ್ಯಕ್ಕೆ ಮರಳಿದರು. ಮನೆಗಳಲ್ಲಿ ಟಿವಿ ಹಗಲಿರುಳು ಅರಚುತ್ತಿತ್ತು. ದೊಡ್ಡವರಿಗೆ ಅದು ಸುದ್ದಿ. ತಂದೆ ಅಲ್ಲಿಯೇ ಇರುವ ಮಗುವಿಗೆ ಪ್ರತಿ ಸ್ಫೋಟವೂ ತನ್ನ ಅಪ್ಪನ ಮೇಲೆ ಬಿದ್ದಂತೆ. ಅಂಥ ದಿನಗಳಲ್ಲಿ ಟಿವಿ ಆರಿಸುವುದೇ ಔಷಧಿ. ಜೊತೆಗೆ ಮಗು ಕೇಳಿದ್ದಕ್ಕೆ, ಅದರ ವಯಸ್ಸಿಗೆ ತಕ್ಕಷ್ಟು, ಸತ್ಯವನ್ನೇ ಹೇಳಬೇಕು. “ಅಪ್ಪಗ ಏನೂ ಆಗೂದಿಲ್ಲ” ಎಂಬ ಭರವಸೆಯನ್ನು ಕೊಡಲು ನಮಗೆ ಅಧಿಕಾರವಿಲ್ಲ. “ಅಪ್ಪ ಒಬ್ಬನ ಇಲ್ಲ, ಜೋಡೀದಾರ್ರು ಅದಾರ, ನಾವೂ ನಿನ್ನ ಕೂಡ ಅದೀವಿ” ಎಂದರೆ ಸಾಕು, ಅದು ನಿಜವೂ ಹೌದು.

ಇನ್ನೊಂದು ವಿಷಯವನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಸಿಲುಕಿ, ಆರು ದಿನಗಳ ನಂತರ ಜೀವಂತವಾಗಿ ದೊರೆತು, ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೆಲ್ಲ ಪ್ರಾರ್ಥಿಸಿತ್ತು. ಅವರಿಗೆ ಆಗ ಪುಟ್ಟ ಮಗಳಿದ್ದಳು. ಹುತಾತ್ಮರ ಅಂತ್ಯಕ್ರಿಯೆಗಳಲ್ಲಿ ಎಳೆಯ ಮಕ್ಕಳ ಕೈಹಿಡಿದು ಕ್ಯಾಮೆರಾಗಳ ಮುಂದೆ ಸೆಲ್ಯೂಟ್ ಮಾಡಿಸುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಮಗು ತಾನಾಗಿಯೇ ಮಾಡಿದರೆ ಮಾಡಲಿ. ಮಾಡಿಸುವುದು ಬೇಡ. ಆ ಗಳಿಗೆಯಲ್ಲಿ ಅದಕ್ಕೆ ಬೇಕಾದದ್ದು ಒಂದು ಮಡಿಲು. ಜನಜಂಗುಳಿ ಕರಗಿದ ಮೇಲೆ, ಮೂರನೆಯ ತಿಂಗಳಲ್ಲಿ, ಮೊದಲ ದೀಪಾವಳಿಯಲ್ಲಿ ಆ ಮನೆಗೆ ಯಾರು ಹೋಗುತ್ತಾರೆಂಬುದೇ ಮುಖ್ಯ. ಮಠದ ಭಕ್ತಮಂಡಳಿಗಳು ಈ ಕಾಯಕವನ್ನು ವಹಿಸಿಕೊಂಡರೆ ಅದಕ್ಕೆ ಖರ್ಚೇನೂ ಇಲ್ಲ.

ತಂದೆ ನಿವೃತ್ತನಾಗಿ ಮರಳಿದ ಮೇಲೂ ಎಲ್ಲವೂ ತಾನಾಗಿ ಸರಿಹೋಗುವುದಿಲ್ಲ. ಸಿಪಾಯಿಗಳು ನಲವತ್ತರ ಆಸುಪಾಸಿನಲ್ಲಿಯೇ ಮನೆಗೆ ಬರುತ್ತಾರೆ. ಆಗ ಮಕ್ಕಳು ಹರೆಯಕ್ಕೆ ಕಾಲಿಟ್ಟಿರುತ್ತಾರೆ. ಇಷ್ಟು ವರ್ಷ ಇಲ್ಲದ ಶಿಸ್ತನ್ನು ಒಂದೇ ವಾರದಲ್ಲಿ ತರಲು ಹೋದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕ್ಯಾಂಟೀನಿನ ಬಾಟಲಿ ಕೂಡಿದರಂತೂ ಹೇಳುವುದೇ ಬೇಡ.

ಎರಡು ವಾರ ಮೀರಿ ನಿದ್ರೆ, ಊಟ, ಆಟಗಳಲ್ಲಿ ಬದಲಾವಣೆ ಉಳಿದರೆ, ಅಥವಾ ಮಗು ಬದುಕು ಬೇಡವೆಂಬ ಮಾತಾಡಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವೇನಲ್ಲ.

ಆ ಬಾಲಕನ ಹೊಟ್ಟೆನೋವು ಒಂದೇ ದಿನಕ್ಕೆ ಹೋಗಲಿಲ್ಲ. ಅಜ್ಜಿ ಪ್ರತಿ ರವಿವಾರ ರಾತ್ರಿ ಅವನ ಜೊತೆ ಅಂಗಳದಲ್ಲಿ ಕುಳಿತು, ಕರೆ ಬಾರದ ವಾರ ಅಪ್ಪನಿಗೆ ಹೇಳಬೇಕೆಂದಿದ್ದನ್ನು ಒಂದು ವಹಿಯಲ್ಲಿ ಬರೆಯಿಸತೊಡಗಿದರು. ಕಬ್ಬಿಗೆ ನೀರು ಬಿಟ್ಟದ್ದು, ಎಮ್ಮೆ ಕರು ಹಾಕಿದ್ದು, ಗಣಿತದಲ್ಲಿ ಬಂದ ಅಂಕ. ರಜೆಗೆ ಬಂದ ತಂದೆ ಆ ವಹಿಯನ್ನು ಇಡೀ ರಾತ್ರಿ ಓದಿದರಂತೆ. ಮರಳಿ ಹೋಗುವಾಗ ಮಿರಜದ ಪ್ಲಾಟ್‌ಫಾರ್ಮಿನಲ್ಲಿ ಹುಡುಗ ಜೋರಾಗಿ ಅತ್ತ. ಯಾರೂ ತಡೆಯಲಿಲ್ಲ. ತಂದೆಯೂ ಅತ್ತರು.