ಪೂಜಾರಿಯ ಕೈಗೆ ಕೊಟ್ಟ ವರ

ಆರ್ಥಿಕ ಹಿಂಜರಿತ ಕಾಲಿಟ್ಟ ಕೂಡಲೇ ಸರ್ಕಾರಗಳು ಪ್ಯಾಕೇಜ್ ಘೋಷಿಸುತ್ತವೆ. ಮರುದಿನ ಮುಖಪುಟದಲ್ಲಿ ಮೊತ್ತ ದಪ್ಪಕ್ಷರಗಳಲ್ಲಿ ಮಿಂಚುತ್ತದೆ. ಅದು ಸಾಲದು ಎಂದು ಒಬ್ಬರು, ದುಂದುವೆಚ್ಚ ಎಂದು ಇನ್ನೊಬ್ಬರು. ಆ ಹಣ ಯಾರ ಕೈ ದಾಟಿ, ಯಾವ ಷರತ್ತಿನ ಮೇಲೆ, ಯಾರ ಮನೆ ಬಾಗಿಲಿಗೆ ಬರುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ. ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2008–09ರ ಅಮೆರಿಕವೇ ಸಾಕ್ಷಿ.

2008ರ ಸೆಪ್ಟೆಂಬರ್ 15ರಂದು ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಮೂರು ವಾರ ತುಂಬುವ ಮೊದಲೇ, ಅಕ್ಟೋಬರ್ 3ರಂದು, 70,000 ಕೋಟಿ ಡಾಲರ್‌ ಮಿತಿಯ ರಕ್ಷಣಾ ಯೋಜನೆ ಕಾನೂನಾಯಿತು. ಅದೇ ತಿಂಗಳ ಕೊನೆಯೊಳಗೆ ದೊಡ್ಡ ಬ್ಯಾಂಕುಗಳ ಖಾತೆಗೆ ಬಂಡವಾಳ ಜಮೆಯಾಯಿತು. ಸರ್ಕಾರ ಮನಸ್ಸು ಮಾಡಿದರೆ ಎಷ್ಟು ಬೇಗ ಓಡಬಲ್ಲದು ಎಂಬುದು ಅಲ್ಲಿಗೆ ಗೊತ್ತಾಯಿತು.

ಮನೆ ಕಳೆದುಕೊಳ್ಳುತ್ತಿದ್ದವರ ಸರದಿ ಬಂದದ್ದು 2009ರಲ್ಲಿ. ಅವರಿಗಾಗಿ ರೂಪಿಸಿದ ಗೃಹಸಾಲ ಮರುಹೊಂದಾಣಿಕೆ ಯೋಜನೆ ಕಾಗದದ ಮೇಲೆ ಸೊಗಸಾಗಿತ್ತು: ತಿಂಗಳ ಕಂತು ಕುಟುಂಬದ ಆದಾಯದ ಶೇ 31ಕ್ಕೆ ಇಳಿಯಬೇಕು, 30ರಿಂದ 40 ಲಕ್ಷ ಮನೆಗಳು ಉಳಿಯಬೇಕು. ಆದರೆ ಅರ್ಜಿ ಸಲ್ಲಿಸಬೇಕಾಗಿದ್ದುದು ಸರ್ಕಾರದ ಕಚೇರಿಗಲ್ಲ, ಕಂತು ವಸೂಲಿ ಮಾಡುತ್ತಿದ್ದ ಕಂಪನಿಗೆ. ಕಂತು ಕಡಿಮೆ ಮಾಡಿದರೆ ಆ ಕಂಪನಿಗೆ ಸರ್ಕಾರದಿಂದ ತಲಾ 1,000 ಡಾಲರ್ ಪ್ರೋತ್ಸಾಹಧನ. ಸಾಲ ಸುಸ್ತಿಯಾಗಿಯೇ ಉಳಿದರೆ ತಡಪಾವತಿ ಶುಲ್ಕ, ಮನೆ ಹರಾಜಾದರೆ ಬಂದ ಹಣದಲ್ಲಿ ತನ್ನ ಬಾಕಿಯನ್ನು ಮೊದಲು ಮುರಿದುಕೊಳ್ಳುವ ಹಕ್ಕು. ಎರಡು ತಕ್ಕಡಿಯಲ್ಲಿ ಯಾವುದು ತೂಗುತ್ತದೆಂದು ಕಂಪನಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನದು ಅಲೆದಾಟದ ಕತೆ. ಮೂರು ತಿಂಗಳ ಪ್ರಾಯೋಗಿಕ ಕಂತು ಕಟ್ಟಿ ಮುಗಿಸಿದವರಿಗೂ ತೀರ್ಮಾನ ಬರುತ್ತಿರಲಿಲ್ಲ. ಸಂಬಳದ ಚೀಟಿ, ತೆರಿಗೆ ಪತ್ರ ಕಳಿಸಿದವರಿಗೆ ‘ಕಾಗದ ತಲುಪಿಲ್ಲ, ಮತ್ತೆ ಕಳಿಸಿ’ ಎಂಬ ಉತ್ತರ. ಕಂಪನಿಯ ಒಂದು ವಿಭಾಗ ಕಂತು ಇಳಿಸುವ ಮಾತಾಡುತ್ತಿದ್ದಾಗಲೇ ಇನ್ನೊಂದು ವಿಭಾಗ ಹರಾಜಿನ ನೋಟಿಸು ಅಂಟಿಸುತ್ತಿತ್ತು. ಕೊನೆಗೆ ಯೋಜನೆ ಮುಟ್ಟಿದ್ದು ಗುರಿಯ ಅರ್ಧದ ಆಸುಪಾಸು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ವರವನ್ನು ಪೂಜಾರಿಯ ಕೈಗಿತ್ತ ದೇವರೂ ಇಲ್ಲಿ ನಿರಪರಾಧಿಯಲ್ಲ.

ಬೇರೆ ದಾರಿ ಇರಲಿಲ್ಲವೆನ್ನುವಂತಿಲ್ಲ. ಅದೇ ದೇಶ 1933ರಲ್ಲಿ, ಮಹಾ ಕುಸಿತದ ನಡುವೆ, ಮನೆ ಮಾಲೀಕರ ಸಾಲ ನಿಗಮವನ್ನು ಸ್ಥಾಪಿಸಿತ್ತು. ಆ ನಿಗಮ ಬ್ಯಾಂಕುಗಳಿಂದ ಸುಸ್ತಿ ಸಾಲಗಳನ್ನು ತಾನೇ ಖರೀದಿಸಿ, 15 ವರ್ಷಗಳ ಸುಲಭ ಕಂತುಗಳಾಗಿ ಬದಲಿಸಿತು. ಮೂರು ವರ್ಷಗಳಲ್ಲಿ ಸುಮಾರು 10 ಲಕ್ಷ ಸಾಲಗಳು ಅದರ ಕೈಸೇರಿದವು. 1951ರಲ್ಲಿ ಲೆಕ್ಕ ಮುಗಿಸಿದಾಗ ಅಲ್ಪ ಲಾಭವೇ ಇತ್ತು. ಕರಿಯರ ಬಡಾವಣೆಗಳಿಗೆ ಸಾಲ ಕೊಡುವುದು ಅಪಾಯವೆಂದು ಕೆಂಪು ಬಣ್ಣ ಬಳಿದ ಅದರ ನಕ್ಷೆಗಳು ಅದಕ್ಕಂಟಿದ ಕಳಂಕವೆಂಬುದನ್ನೂ ಮರೆಯಬಾರದು. ಆದರೆ ಸಾಲಗಾರನ ಎದುರು ಕೂತವನಿಗೆ ಹರಾಜಿನಲ್ಲಿ ಲಾಭವಿರಲಿಲ್ಲ. ವ್ಯತ್ಯಾಸ ಅಷ್ಟರಲ್ಲೇ ಇತ್ತು.

ರಸ್ತೆ–ಸೇತುವೆಗಳ ಕತೆಯಲ್ಲಿ ಅಡ್ಡ ಬಂದದ್ದು ಗಡುವು. 2007ರ ಆಗಸ್ಟ್ 1ರ ಸಂಜೆ ಮಿನಿಯಾಪೊಲಿಸ್‌ನಲ್ಲಿ ಮಿಸಿಸಿಪ್ಪಿ ನದಿಯ ಸೇತುವೆ ಕುಸಿದು 13 ಜನ ಸತ್ತಿದ್ದರು. 1967ರಲ್ಲಿ ತೆರೆದ ಆ ಸೇತುವೆಯ ತೊಲೆಗಳನ್ನು ಬೆಸೆದಿದ್ದ ಉಕ್ಕಿನ ಫಲಕಗಳು ಇರಬೇಕಾದ ದಪ್ಪದ ಅರ್ಧದಷ್ಟೇ ಇದ್ದವೆಂದು ತನಿಖೆ ಹೇಳಿತು. 2009ರ ಆರಂಭದಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ದೇಶದ ಮೂಲಸೌಕರ್ಯಕ್ಕೆ ‘ಡಿ’ ದರ್ಜೆ ಕೊಟ್ಟು, ಐದು ವರ್ಷಗಳಲ್ಲಿ 2.2 ಲಕ್ಷ ಕೋಟಿ ಡಾಲರ್ ಬೇಕೆಂದು ಅಂದಾಜಿಸಿತು. ಫೆಬ್ರುವರಿಯಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ 78,700 ಕೋಟಿ ಡಾಲರ್‌ಗಳ ಪ್ಯಾಕೇಜಿನಲ್ಲಿ ಹೆದ್ದಾರಿ, ಸೇತುವೆಗಳಿಗೆ ಸಿಕ್ಕಿದ್ದು 2,750 ಕೋಟಿ. ಅದರಲ್ಲೂ ರಾಜ್ಯಗಳು ತಮ್ಮ ಪಾಲಿನ ಅರ್ಧವನ್ನು 120 ದಿನಗಳಲ್ಲಿ ಕಾಮಗಾರಿಗಳಿಗೆ ನಿಗದಿ ಮಾಡಬೇಕಿತ್ತು. ಅಷ್ಟರಲ್ಲಿ ಹೊಸ ಸೇತುವೆಯ ವಿನ್ಯಾಸ, ಭೂಸ್ವಾಧೀನ, ಟೆಂಡರು ಮುಗಿಯುವುದುಂಟೇ? ಹಣದ ದೊಡ್ಡ ಪಾಲು ಇದ್ದ ರಸ್ತೆಗೇ ಮತ್ತೆ ಡಾಂಬರು ಬಳಿಯಲು ಹೋಯಿತು. ತಕ್ಷಣ ಶುರುಮಾಡಬಹುದಾದ ಕಾಮಗಾರಿ ಎಂಬುದೇ ಇರಲಿಲ್ಲವೆಂದು 2010ರಲ್ಲಿ ಒಬಾಮ ಅವರೇ ಒಪ್ಪಿಕೊಂಡರು.

ಪ್ಯಾಕೇಜು ವ್ಯರ್ಥವಾಯಿತೆಂದು ಇದರರ್ಥವಲ್ಲ. ನಿರುದ್ಯೋಗ ಭತ್ಯೆಯ ವಿಸ್ತರಣೆ, ಆಹಾರ ನೆರವಿನ ಹೆಚ್ಚಳ ಕೆಲವೇ ವಾರಗಳಲ್ಲಿ ಜನರ ಕೈಸೇರಿದವು. ಕಾರಣ ಸರಳ: ಅವುಗಳ ಕಾಲುವೆ ಮೊದಲೇ ತೋಡಿತ್ತು, ನೀರು ಬಿಡುವುದಷ್ಟೇ ಬಾಕಿ ಇತ್ತು.

ಷರತ್ತೇ ನೆರವಿಗೆ ಅಡ್ಡ ಬರುವುದರ ರುಚಿಯನ್ನು ನಮ್ಮಲ್ಲೂ ನೋಡಿದ್ದೇವೆ. ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟುಗಳಿಗೆಂದು ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ನಿಧಿ ಘೋಷಿಸಿದಾಗ ಸಾಲ ಸುಸ್ತಿಯಾಗಿ ಎನ್‌ಪಿಎ ಆದ, ದಿವಾಳಿ ನ್ಯಾಯಮಂಡಳಿಯ ಮೆಟ್ಟಿಲೇರಿದ ಯೋಜನೆಗಳನ್ನು ಹೊರಗಿಟ್ಟಿತ್ತು. ಬಾಡಿಗೆ ಮನೆಯ ಬಾಡಿಗೆಯನ್ನೂ ಸಿಗದ ಮನೆಯ ಇಎಂಐಯನ್ನೂ ಒಟ್ಟಿಗೆ ಕಟ್ಟುತ್ತಿದ್ದವರಲ್ಲಿ ಬಹಳ ಮಂದಿ ಸಿಕ್ಕಿಬಿದ್ದಿದ್ದುದು ಅಂಥ ಯೋಜನೆಗಳಲ್ಲೇ. ನವೆಂಬರಿನಲ್ಲಿ ಆ ಷರತ್ತು ಸಡಿಲಿಸಿ, 25,000 ಕೋಟಿ ರೂಪಾಯಿಗಳ ‘ಸ್ವಾಮಿಹ್’ ನಿಧಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ತಪ್ಪು ಬೇಗ ತಿದ್ದಿಕೊಂಡದ್ದು ಸರಿ. ಆದರೆ ನೆರವು ಹೆಚ್ಚು ಬೇಕಾದವರನ್ನೇ ಮೊದಲ ಸುತ್ತಿನಲ್ಲಿ ಹೊರಗಿಡುವ ಷರತ್ತು ಬರೆದದ್ದೇಕೆ?

ಹಿಂಜರಿತ ಹೇಳಿ ಬರುವುದಿಲ್ಲ, ಆದರೆ ಬರುವುದು ಖಚಿತ. ಆದ್ದರಿಂದ ಕೆಲಸ ಈಗಲೇ ಆಗಬೇಕು. ಭೂಮಿ, ಅನುಮತಿ, ಅಂದಾಜುಪಟ್ಟಿ ಎಲ್ಲ ಮುಗಿದು ಹಣಕ್ಕಾಗಿ ಮಾತ್ರ ಕಾಯುವ ಕಾಮಗಾರಿಗಳ ಪಟ್ಟಿಯನ್ನು ಪ್ರತಿ ರಾಜ್ಯವೂ ಇಟ್ಟುಕೊಂಡು, ವರ್ಷಕ್ಕೊಮ್ಮೆ ವಿಧಾನಸಭೆಯ ಮುಂದಿಡಲಿ. ಗೃಹಸಾಲದ ನೆರವನ್ನು ತೀರ್ಮಾನಿಸುವ ಅಧಿಕಾರ ಹರಾಜಿನಿಂದ ಲಾಭ ಪಡೆಯುವವರ ಕೈಯಲ್ಲಿ ಇರದಿರಲಿ. ಪ್ಯಾಕೇಜು ಘೋಷಿಸಿದ ಆರು ತಿಂಗಳಿಗೆ ಹಣಕಾಸು ಸಚಿವರು ಎಷ್ಟು ಅರ್ಜಿ ಬಂದವು, ಎಷ್ಟು ಕುಟುಂಬಗಳ ಕಂತು ನಿಜಕ್ಕೂ ಇಳಿಯಿತು ಎಂಬ ಲೆಕ್ಕ ಕೊಡಲಿ. ಈ ಲೆಕ್ಕ ಕೊಡಲು ಒಪ್ಪದ ಸರ್ಕಾರದ ಪ್ಯಾಕೇಜನ್ನು, ಮೊತ್ತ ಎಷ್ಟೇ ದೊಡ್ಡದಿರಲಿ, ನಂಬಬೇಕಾಗಿಲ್ಲ.