ಸೆಮಿಸ್ಟರ್ ಜೀತ



ಸೆಮಿನಾರು ಹಾಲುಗಳಲ್ಲಿ ಈಗ ಒಂದು ಹೊಸ ಮಾತು ಓಡಾಡ್ತಾ ಇದೆ. ಒಳ್ಳೆಯ ಅಧ್ಯಾಪಕರನ್ನು ವಿಶ್ವವಿದ್ಯಾನಿಲಯಗಳು ಉಳಿಸಿಕೊಳ್ಳಬೇಕಂತೆ. ಮನೆ, ಮಕ್ಕಳು, ಕಾಯಿಲೆ ಕಸಾಲೆ ಅಂದಾಗ ಕೆಲಸದಲ್ಲಿ ಸಡಿಲಿಕೆ ಕೊಡಬೇಕಂತೆ. ವಯಸ್ಸಾದ ಮೇಲೆ ಗೌರವದಿಂದ ಬೀಳ್ಕೊಡಬೇಕಂತೆ. ಕೇಳೋಕೆ ಚೆನ್ನಾಗಿದೆ. ನಾವೂ ಬೇಡ ಅನ್ನಲ್ಲ. ಪಾಠ ಹೇಳುವ ಮನುಷ್ಯ ನೆಮ್ಮದಿಯಾಗಿದ್ದರೆ ಪಾಠವೂ ನೆಟ್ಟಗಿರುತ್ತದೆ. ಆದರೆ ಯಾರನ್ನು ಉಳಿಸಿಕೊಳ್ಳೋದು? ಒಳಗೇ ಬಿಟ್ಟುಕೊಳ್ಳದವರನ್ನು ಉಳಿಸಿಕೊಳ್ಳೋದು ಹೇಗೆ ಸ್ವಾಮಿ?

ಕಾಗದದ ಮೇಲೆ ಎಲ್ಲಾ ಇದೆ. ಯುಜಿಸಿಯ 2018ರ ನಿಯಮ ತೆಗೆದು ನೋಡಿ. ಖಾಯಂ ಅಧ್ಯಾಪಕಿಗೆ 180 ದಿನ ಹೆರಿಗೆ ರಜೆ. ಮಕ್ಕಳ ಪಾಲನೆಗೆ ಬೇರೆ ರಜೆ. ಪಿಎಚ್.ಡಿ. ಮಾಡೋಕೆ ಸಂಬಳದ ಜೊತೆಗೇ ಅಧ್ಯಯನ ರಜೆ. ಹಿರಿಯ ಹುದ್ದೆಯಲ್ಲಿ ಏಳು ವರ್ಷ ದುಡಿದವರಿಗೆ ಒಂದು ವರ್ಷ ಓದು ಬರಹಕ್ಕೆಂದೇ ಬಿಡುವು. ಪಿಎಚ್.ಡಿ. ಇದ್ದವರಿಗೆ ನಾಲ್ಕು ವರ್ಷಕ್ಕೆ ಮೊದಲ ಬಡ್ತಿಯ ಬಾಗಿಲು. ಇದೆಲ್ಲ ನ್ಯಾಯವೇ. ಬರೆದವರಿಗೆ ಮನುಷ್ಯನ ಬದುಕು ಗೊತ್ತಿತ್ತು ಅಂತಲೇ ಹೇಳೋಣ. ಆದರೆ ಈ ಊಟದ ಎಲೆ ಹಾಕಿರೋದು ಖಾಯಂ ಎಂಬ ಪಂಕ್ತಿಗೆ ಮಾತ್ರ. ನಮ್ಮ ಅಣ್ಣಂದಿರು ಅಕ್ಕಂದಿರು ಕೂತಿರೋದು ಹೊರಗಿನ ಜಗಲಿಯಲ್ಲಿ. ಆ ಜಗಲಿಗೆ ಸರ್ಕಾರ ಇಟ್ಟಿರುವ ಹೆಸರು ಇನ್ನೂ ಚೆಂದ: 'ಅತಿಥಿ' ಉಪನ್ಯಾಸಕ.

ಅತಿಥಿ! ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ಪಾತ್ರೆ ತೊಳೆದವನನ್ನು ಯಾವ ಊರಲ್ಲಿ ಅತಿಥಿ ಅಂತಾರೆ?

ಕರ್ನಾಟಕದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಇಂಥ 'ಅತಿಥಿ'ಗಳು ದುಡಿದಿದ್ದಾರೆ. ಹಟ್ಟಿಯಿಂದ, ಕೇರಿಯಿಂದ, ತಾಂಡಾದಿಂದ ಬಂದ ಮೊದಲ ತಲೆಮಾರಿನ ಎಂ.ಎ.ಗಳಿಗೆ ಸಿಕ್ಕ ಬಾಗಿಲು ಇದೊಂದೇ. 2022ರ ಜನವರಿಯವರೆಗೆ ಇವರ ತಿಂಗಳ ಸಂಭಾವನೆ ಯುಜಿಸಿ ಅರ್ಹತೆ ಇದ್ದರೆ 13,000, ಇಲ್ಲದಿದ್ದರೆ 11,000. ಸಂಬಳ ಅಂತ ಕರೆಯಲ್ಲ, ಗೌರವಧನ ಅಂತಾರೆ. ಗೌರವವೂ ಇಲ್ಲ, ಧನವೂ ಇಲ್ಲ. ಆ ಜನವರಿಯಲ್ಲಿ ಏರಿಸಿದರು. ಅರ್ಹತೆ ಮತ್ತು ಐದು ವರ್ಷದ ಅನುಭವ ಎರಡೂ ಇದ್ದರೆ 32,000. ಪೇಪರಿನಲ್ಲಿ ದೊಡ್ಡ ಸುದ್ದಿ ಬಂತು. ಅದರ ಹಿಂದೆಯೇ ಇನ್ನೊಂದು ಸಾಲು ಇತ್ತು: ವಾರಕ್ಕೆ ಎಂಟು ಹತ್ತು ಗಂಟೆ ಇದ್ದ ಪಾಠ ಹದಿನೈದು ಗಂಟೆಯಾಗಬೇಕು. ಕಾಲೇಜಿನಲ್ಲಿ ಇರುವ ಪಾಠ ಅಷ್ಟೇ. ಒಬ್ಬೊಬ್ಬರಿಗೆ ಹದಿನೈದು ಗಂಟೆ ತುಂಬಿಸಿದರೆ ಉಳಿದವರು ಎಲ್ಲಿಗೆ ಹೋಗಬೇಕು? ಮನೆಗೆ ಹೋದರು. ಇಬ್ಬರ ಅನ್ನ ಕೂಡಿಸಿ ಒಬ್ಬನ ತಟ್ಟೆಗೆ ಹಾಕಿ, ನೋಡಿ ನಾವು ಅನ್ನ ಜಾಸ್ತಿ ಮಾಡಿದ್ವಿ ಅಂದರು.

ಸಡಿಲಿಕೆ ಅಂದರೆ ಇದೇ ಏನ್ರೀ? ಸಡಿಲ ಇರೋದು ಸರ್ಕಾರದ ಕೈ. ಸೆಮಿಸ್ಟರ್ ಮುಗಿದ ದಿನ ಸಂಭಾವನೆ ನಿಲ್ಲುತ್ತದೆ, ಹೊಟ್ಟೆ ನಿಲ್ಲಲ್ಲ. ಖಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ 'ಅತಿಥಿ'ಯ ಕಾರ್ಯಭಾರ ಅವತ್ತೇ ಖಾಲಿ. ಅಲ್ಲೇ ಬಾಡಿಗೆ ಮನೆ ಮಾಡಿ, ಅಲ್ಲೇ ಮಗುವನ್ನು ಸ್ಕೂಲಿಗೆ ಸೇರಿಸಿದ ಅಕ್ಕ ಗಂಟುಮೂಟೆ ಕಟ್ಟಬೇಕು. ಬಂದ ಅಧ್ಯಾಪಕರ ಮೇಲೆ ನಮಗೆ ಸಿಟ್ಟಿಲ್ಲ. ಇಬ್ಬರನ್ನೂ ಒಂದೇ ಕುರ್ಚಿಗೆ ಜಗಳಕ್ಕೆ ಬಿಟ್ಟು ಮೇಲೆ ಕೂತು ನೋಡುವವರ ಮೇಲೆ ಸಿಟ್ಟು.

2023ರ ಕೊನೆಗೆ ಅತಿಥಿ ಉಪನ್ಯಾಸಕರು ಪಾಠ ನಿಲ್ಲಿಸಿ ಬೀದಿಗೆ ಬಂದರು. 2024ರ ಜನವರಿಯಲ್ಲಿ ಸರ್ಕಾರ ಬಾಯಿ ಬಿಟ್ಟಿತು: ಸಂಭಾವನೆ ಒಂದಿಷ್ಟು ಏರಿಕೆ, ಹೆಂಗಸರಿಗೆ ಮೂರು ತಿಂಗಳ ಹೆರಿಗೆ ರಜೆ, ಹತ್ತು ವರ್ಷ ಮೀರಿ ದುಡಿದು ಅರವತ್ತು ತುಂಬಿದವರಿಗೆ 5 ಲಕ್ಷದ ಇಡುಗಂಟು. ಹೋರಾಡಿದವರು ಗಿಟ್ಟಿಸಿಕೊಂಡದ್ದು ಇದು, ಯಾರೂ ದಾನ ಕೊಟ್ಟದ್ದಲ್ಲ. ಆದರೆ ಲೆಕ್ಕ ಹಾಕಿ. ಖಾಯಂ ತಾಯಿಗೆ ಆರು ತಿಂಗಳು, 'ಅತಿಥಿ' ತಾಯಿಗೆ ಮೂರು. ನಮ್ಮ ಮಕ್ಕಳೇನು ಮೂರೇ ತಿಂಗಳಿಗೆ ಎದ್ದು ನಡೆಯುತ್ತವೆಯೇ? ಇನ್ನು ಆ 5 ಲಕ್ಷ. ನೂರಕ್ಕೆ ಆರರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ತಿಂಗಳಿಗೆ 2,500 ರೂಪಾಯಿ. ಮೂರು ಸಾವಿರ ಹುಡುಗರಿಗೆ ಪಂಪನಿಂದ ಹಿಡಿದು ಪಂಚವಾರ್ಷಿಕ ಯೋಜನೆಯವರೆಗೆ ಪಾಠ ಹೇಳಿದವರ ಮುಪ್ಪಿಗೆ ಇದು ಬೆಲೆ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ತಗೊಂಡ ಮೇಲೆ ಅಕ್ಕಿಗೆ ಎಷ್ಟು ಉಳಿಯುತ್ತೆ?

ಇನ್ನೂ ಸೂಕ್ಷ್ಮವಾದ ಮೋಸ ಒಂದಿದೆ. ಅದನ್ನು ನಮ್ಮ ಹುಡುಗರು ಗಮನವಿಟ್ಟು ಓದಬೇಕು. ಗುತ್ತಿಗೆಯ ಹಿಂದಿನ ಸೇವೆ ಬಡ್ತಿಯ ಲೆಕ್ಕಕ್ಕೆ ಬರಬೇಕಾದರೆ ಆ ಕಾಲದಲ್ಲಿ ಖಾಯಂ ಅಧ್ಯಾಪಕನಿಗೆ ಕಡಿಮೆಯಿಲ್ಲದ ಸಂಬಳ ಪಡೆದಿರಬೇಕು ಅನ್ನುತ್ತದೆ 2018ರ ನಿಯಮ. ಅಂದರೆ ಕೂಲಿ ಕಡಿಮೆ ಕೊಡುವವರೂ ಅವರೇ, ಕೂಲಿ ಕಡಿಮೆ ಸಿಕ್ಕಿತ್ತಲ್ಲ, ಅದಕ್ಕೆ ನಿನ್ನ ದುಡಿಮೆ ದುಡಿಮೆಯೇ ಅಲ್ಲ ಅನ್ನುವವರೂ ಅವರೇ. ಹಿಂದೆ ಗೌಡರ ಮನೆಯಲ್ಲಿ ಜೀತಕ್ಕಿದ್ದ ನಮ್ಮ ತಾತಂದಿರಿಗೂ ಸಾಲದ ಲೆಕ್ಕ ಹೀಗೇ ಬರೀತಿದ್ರು. ದುಡಿದದ್ದು ಬಡ್ಡಿಗೆ ಹೋಯ್ತು, ಅಸಲು ಹಾಗೇ ಇದೆ. ಜೀತ ರದ್ದತಿ ಕಾಯಿದೆ 1976ರಲ್ಲಿ ಬಂತು. ಲೆಕ್ಕ ಬರೆಯುವ ಕೈ ಮಾತ್ರ ಬದಲಾಗಲಿಲ್ಲ.

ಅದೇ ನಿಯಮದಲ್ಲಿ ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಯ ನೂರಕ್ಕೆ 10 ಮೀರಬಾರದು ಅಂತಲೂ ಇದೆ. ಪಾಲಿಸಿದವರು ಎಷ್ಟು ಅನ್ನೋದು ನಿಮ್ಮೂರ ಕಾಲೇಜಿನ ಸ್ಟಾಫ್ ರೂಮಿಗೆ ಹೋದರೆ ಗೊತ್ತಾಗುತ್ತೆ. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ಹೊರಡಿಸಿತು. ಅದರಲ್ಲಿ ಆ 10ರ ಮಿತಿಯೇ ಇರಲಿಲ್ಲ. ಬೇಲಿ ಮುರಿದವರನ್ನು ಹಿಡಿಯೋ ಬದಲು ಬೇಲಿಯನ್ನೇ ಕಿತ್ತು ಹಾಕುವ ಯೋಚನೆ.

ಯಾಕೆ ಹೀಗೆ ಅಂತ ಕೇಳಿದರೆ ದುಡ್ಡಿಲ್ಲ ಅಂತಾರೆ. ದುಡ್ಡು ಅರ್ಧ ಸತ್ಯ. ಇನ್ನರ್ಧ ರೋಸ್ಟರ್. ಖಾಯಂ ಹುದ್ದೆ ತುಂಬಿದರೆ ರೋಸ್ಟರ್ ಪ್ರಕಾರ ನಮ್ಮವರಿಗೆ ಕುರ್ಚಿ ಕೊಡಲೇಬೇಕು. ಹುದ್ದೆ ತುಂಬದೆ 'ಅತಿಥಿ'ಯನ್ನು ಕರೆದರೆ ಕುರ್ಚಿ ಖಾಲಿ ಇದ್ದಂತೆಯೂ ಆಯ್ತು, ಪಾಠ ನಡೆದಂತೆಯೂ ಆಯ್ತು. ಹೊಸ ಉಪಾಯವೇನಲ್ಲ. 2018ರ ಮಾರ್ಚಿ 5ರಂದು ಯುಜಿಸಿ ಒಂದು ಸುತ್ತೋಲೆ ಹೊರಡಿಸಿತು: ಮೀಸಲಾತಿ ಲೆಕ್ಕಕ್ಕೆ ಇಡೀ ವಿಶ್ವವಿದ್ಯಾನಿಲಯ ಬೇಡ, ಒಂದೊಂದು ವಿಭಾಗವನ್ನೇ ಬೇರೆ ಬೇರೆ ಘಟಕ ಅಂತ ಹಿಡಿಯಿರಿ. 13 ಬಿಂದುವಿನ ಆ ರೋಸ್ಟರಿನಲ್ಲಿ ಪರಿಶಿಷ್ಟ ಜಾತಿಗೆ ಸಿಗೋದು ಏಳನೇ ಹುದ್ದೆ, ಪರಿಶಿಷ್ಟ ಪಂಗಡಕ್ಕೆ ಹದಿನಾಲ್ಕನೆಯದು. ನಾಲ್ಕೈದು ಹುದ್ದೆಯ ವಿಭಾಗದಲ್ಲಿ ಏಳನೆಯದು ಎಲ್ಲಿಂದ ಬರಬೇಕು? ದೇಶದ ತುಂಬ ಗಲಾಟೆಯಾಯ್ತು. 2019ರ ಮಾರ್ಚಿ 5ಕ್ಕೆ ಭಾರತ ಬಂದ್ ಆಯ್ತು. ಎರಡೇ ದಿನಕ್ಕೆ ಸುಗ್ರೀವಾಜ್ಞೆ, ಅದೇ ವರ್ಷ ಕಾಯಿದೆ. ಇಡೀ ಸಂಸ್ಥೆಯನ್ನೇ ಒಂದು ಘಟಕವೆಂದು ಹಿಡಿಯಬೇಕೆಂದು ಬರೆಸಿಕೊಂಡೆವು. ಆದರೆ ಆ ಕಾಯಿದೆ ಕೇಂದ್ರದ ವಿದ್ಯಾಸಂಸ್ಥೆಗಳಿಗೆ ಮಾತ್ರ, ಅದರಲ್ಲೂ 'ಶ್ರೇಷ್ಠ' ಸಂಸ್ಥೆಗಳಿಗೆ ವಿನಾಯಿತಿ. ಶ್ರೇಷ್ಠರ ಮನೆಗೆ ನಾವು ಕಾಲಿಡಬಾರದು ಅನ್ನೋದು ಎಷ್ಟು ಹಳೇ ಮಾತು!

ಇನ್ನೊಂದು ಸಬೂಬು: ಅರ್ಹರು ಸಿಗುತ್ತಿಲ್ಲ. ಅದೇ ಮನುಷ್ಯ, ಅದೇ ಸರ್ಟಿಫಿಕೇಟು, ಅದೇ ಕರಿಹಲಗೆ, ಅದೇ ಸೀಮೆಸುಣ್ಣ. ಗೌರವಧನಕ್ಕಾದರೆ ಹದಿನೈದು ವರ್ಷ ಅರ್ಹ. ಖಾಯಂ ಸಂಬಳಕ್ಕೆ ಸಂದರ್ಶನದ ಕೋಣೆ ಹೊಕ್ಕ ಕೂಡಲೇ ಅನರ್ಹ. ಹುದ್ದೆಯ ಜಾಹೀರಾತು ಬರುವ ಹೊತ್ತಿಗೆ ವಯೋಮಿತಿಯೂ ದಾಟಿರುತ್ತದೆ.

ಉಳಿಸಿಕೊಳ್ಳುವ ಮಾತು ಆಡುವವರಿಗೆ ಬಾಬಾಸಾಹೇಬರ ನೌಕರಿಯ ಕತೆ ನೆನಪು ಮಾಡೋಣ. ಕೊಲಂಬಿಯಾದಲ್ಲಿ ಓದಿ 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಬಂದರು. ತಂಗೋಕೆ ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. 1918ರ ನವೆಂಬರಿನಲ್ಲಿ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರರಾದರು. ಅಲ್ಲಿ ಅಧ್ಯಾಪಕರ ಕೋಣೆಯ ನೀರಿನ ಹೂಜಿ ಮುಟ್ಟಬಾರದೆಂದು ಜೊತೆಯವರೇ ತಕರಾರು ತೆಗೆದರು. ಲಂಡನ್ನಿನ ಓದು ಅರ್ಧಕ್ಕೆ ನಿಂತಿತ್ತು. 1920ರಲ್ಲಿ ಕೆಲಸ ಬಿಟ್ಟು, ತಾವು ಉಳಿಸಿದ್ದು, ಶಾಹು ಮಹಾರಾಜರು ಕೊಟ್ಟದ್ದು, ಗೆಳೆಯನ ಹತ್ತಿರ ಸಾಲ ಮಾಡಿದ್ದು ಸೇರಿಸಿಕೊಂಡು ಹಡಗು ಹತ್ತಿದರು. ಅಧ್ಯಯನ ರಜೆ ಎಂಬ ಎರಡು ಪದದ ಬೆಲೆ ಎಷ್ಟು ಅಂತ ನಮಗೆ ಗೊತ್ತಿರೋದು ಹೀಗೆ. ಇವತ್ತಿನ 'ಅತಿಥಿ' ಪಿಎಚ್.ಡಿ. ಮಾಡಬೇಕೆಂದರೂ ಇದೇ ದಾರಿ: ಕೆಲಸ ಬಿಡು, ಇಲ್ಲ ಓದು ಬಿಡು.

ನಿವೃತ್ತಿಯ ವಿಷಯಕ್ಕೂ ಬರೋಣ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಸಂಬಳದಿಂದ ನೂರಕ್ಕೆ 10 ಮುರಿದುಕೊಂಡು ಮಾರುಕಟ್ಟೆಗೆ ಕಟ್ಟುವ ಎನ್.ಪಿ.ಎಸ್. ಮೊದಲೇ ಒಳಗೆ ಹೋದವರು ಯಾರು? ಬ್ಯಾಕ್‌ಲಾಗ್ ಎಂದು ವರ್ಷಗಟ್ಟಲೆ ಕಾಯಿಸಿ ಗಡುವು ದಾಟಿದ ಮೇಲೆ ಒಳಗೆ ಬಿಟ್ಟದ್ದು ಯಾರನ್ನು? ಮೀಸಲು ಹುದ್ದೆಯನ್ನು ತಡವಾಗಿ ತುಂಬುವುದು ಸಂಬಳದ ಕಳ್ಳತನ ಮಾತ್ರವಲ್ಲ, ಮುಪ್ಪಿನ ಕಳ್ಳತನ ಕೂಡ. ಆ ಕಡೆ ಕೇಂದ್ರದ ವಿಶ್ವವಿದ್ಯಾನಿಲಯಗಳಲ್ಲಿ ನಿವೃತ್ತಿ ವಯಸ್ಸನ್ನು 2007ರಲ್ಲಿ 62ರಿಂದ 65ಕ್ಕೆ ಏರಿಸಿದರು, ಆಮೇಲೆ ಗುತ್ತಿಗೆಯ ಮೇಲೆ 70ರವರೆಗೆ ದಾರಿ ಮಾಡಿದರು. ಹಿರಿಯರ ಜ್ಞಾನ ಬೇಕು ಅಂತಾರೆ. ಬೇಕು, ನಮಗೂ ಬೇಕು. ಮೇಷ್ಟ್ರು ಬಂದು ಪಾಠ ಮಾಡಲಿ, ನಾವು ನೆಲದ ಮೇಲೆ ಕೂತು ಕೇಳುತ್ತೇವೆ. ಆದರೆ ಕುರ್ಚಿ ಬಿಡಲಿ. ನಮ್ಮವರೇ ಇಲ್ಲದ ಕಾಲದಲ್ಲಿ ತುಂಬಿಸಿದ ಕುರ್ಚಿಗೆ ಒಂದೊಂದು ವರ್ಷ ಆಯಸ್ಸು ಹೆಚ್ಚಿಸಿದಾಗಲೂ ಹಟ್ಟಿಯ ಒಬ್ಬ ಹುಡುಗನ ವಯೋಮಿತಿಯಲ್ಲಿ ಒಂದು ವರ್ಷ ಕಡಿಮೆಯಾಗುತ್ತದೆ.

ನಾವು ಕೇಳೋದು ಭಿಕ್ಷೆಯಲ್ಲ. ಖಾಲಿ ಇರುವ ಮೀಸಲು ಹುದ್ದೆಗಳನ್ನು ಮೊದಲು ತುಂಬಿ. 'ಅತಿಥಿ'ಯಾಗಿ ದುಡಿದಷ್ಟು ವರ್ಷ ವಯೋಮಿತಿ ಸಡಿಲಿಸಿ. ನಿಮ್ಮ ಸಡಿಲಿಕೆ ಅಲ್ಲಿ ತೋರಿಸಿ. ಆ ಸೇವೆಯನ್ನು ಬಡ್ತಿಗೂ ಪಿಂಚಣಿಗೂ ಹಿಡಿಯಿರಿ. ಹನ್ನೆರಡು ತಿಂಗಳೂ ಸಂಬಳ ಕೊಡಿ. ಹೆರಿಗೆ ರಜೆಯಲ್ಲಿ ಎರಡು ಜಾತಿ ಮಾಡಬೇಡಿ. 45 ದಿನ ಅಥವಾ ಹೆಚ್ಚು ನಡೆಯುವ ತಾತ್ಕಾಲಿಕ ನೇಮಕಕ್ಕೂ ಮೀಸಲಾತಿ ಇರಬೇಕೆಂದು ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ 2022ರಲ್ಲಿ ಮತ್ತೊಮ್ಮೆ ಹೇಳಿತು. ಸೆಮಿಸ್ಟರಿಗೆ ಎಷ್ಟು ದಿನ ಅಂತ ಎಣಿಸೋಕೆ ಇವರಿಗೆ ಬರಲ್ವೇ?

ಈ ಪುಟ ಓದಿದವರು ಮಡಚಿ ಜೇಬಿಗೆ ಇಟ್ಟುಕೊಂಡು ಸುಮ್ಮನಾಗಬೇಡಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಬಿಪಿಎಲ್ ಕಾರ್ಡು ಇದ್ದರೆ ಅದೂ ಇಲ್ಲ. ನಿಮ್ಮೂರ ಕಾಲೇಜಿಗೆ, ನಿಮ್ಮ ಜಿಲ್ಲೆಯ ವಿಶ್ವವಿದ್ಯಾನಿಲಯಕ್ಕೆ ಹಾಕಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಖಾಲಿ ಇರುವುದರಲ್ಲಿ ಮೀಸಲು ಎಷ್ಟು, ಯಾವ ವರ್ಷದಿಂದ ಖಾಲಿ, ಅತಿಥಿಗಳು ಎಷ್ಟು ಮಂದಿ, ರೋಸ್ಟರ್ ಪುಸ್ತಕದ ನಕಲು ಕೊಡಿ ಅಂತ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರದ ಒಂದು ಪ್ರತಿ ಮುಂದಿನ ಸಭೆಗೆ ತನ್ನಿ. ಉತ್ತರ ಕೊಡದ ಕಾಲೇಜಿನ ಹೆಸರನ್ನೂ ಬರೆದುಕೊಂಡು ಬನ್ನಿ.