ದಾರಿ ದನದ್ದೋ, ಲಾರಿಯದ್ದೋ?

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಬಸ್ಸಿನಲ್ಲಿ ಓಡಾಡುವವರಿಗೆ ಇದು ಹೊಸದಲ್ಲ. ಬಸ್ಸು ಗಕ್ಕನೆ ನಿಲ್ಲುತ್ತದೆ. ಮುಂದೆ ನಾಲ್ಕು ಹಸು, ಹಿಂದೆ ಕೋಲು ಹಿಡಿದ ಮುದುಕ. ಡ್ರೈವರು ಹಾರ್ನ್ ಒತ್ತಿದ್ದೇ ಒತ್ತಿದ್ದು. "ದನಾನ ರೋಡಿಗ್ಯಾಕ್ರೀ ಹೊಡ್ಕೊಂಡ್ ಬರ್ತಾರೆ? ಕಾನೂನೇ ಇಲ್ವಾ?" ಅಂತ ಒಬ್ಬರು ಗೊಣಗುತ್ತಾರೆ.

ಇದೆ ಸ್ವಾಮಿ. 2001ರಲ್ಲೇ ಕೇಂದ್ರ ಸರ್ಕಾರ ಜಾನುವಾರು ನಡೆಸಿಕೊಂಡು ಹೋಗುವುದಕ್ಕೆ ನಿಯಮ ಮಾಡಿದೆ. ದೂರ 5 ಕಿ.ಮೀ. ಮೀರಿದರೆ ಅದು ಅನ್ವಯ. ಹಸು-ಎತ್ತನ್ನು ದಿನಕ್ಕೆ 30 ಕಿ.ಮೀ., ಎಮ್ಮೆಯನ್ನು 25 ಕಿ.ಮೀ. ಮೀರಿ ನಡೆಸಬಾರದು. 8 ಗಂಟೆಯೇ ಮಿತಿ. ಎರಡು ಗಂಟೆಗೊಮ್ಮೆ ನೀರು, ನಾಲ್ಕು ಗಂಟೆಗೊಮ್ಮೆ ಮೇವು. ಹೊತ್ತು ಹುಟ್ಟುವ ಮುಂಚೆ, ಮುಳುಗಿದ ಮೇಲೆ ನಡೆಸುವ ಹಾಗೇ ಇಲ್ಲ. ಜೊತೆಗೆ ಪಶುವೈದ್ಯರ ಸರ್ಟಿಫಿಕೇಟು.

ನಿಯಮ ಚೆನ್ನಾಗಿದೆ. ಆದರೆ ದಾರಿ?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನೇ ತಗೊಳ್ಳಿ. ಪುಷ್ಯದ ತೇರಿನ ಹೊತ್ತಿಗೆ ಹಳ್ಳಿಕಾರ್ ಎತ್ತುಗಳು ಅಲ್ಲಿ ಸೇರುತ್ತವೆ. ಅನುಕೂಲಸ್ಥರು ಲಾರಿಯಲ್ಲಿ ತರುತ್ತಾರೆ. ಬಾಡಿಗೆಗೆ ಕಾಸಿಲ್ಲದವನು ನಡೆಸಿಕೊಂಡೇ ಬರಬೇಕು. ಹೊಸಕೋಟೆಯಿಂದ ದೇವನಹಳ್ಳಿ, ದೊಡ್ಡಬಳ್ಳಾಪುರದ ಮೇಲೆ ಘಾಟಿಗೆ 60 ಕಿ.ಮೀ.ಗೂ ಹೆಚ್ಚು. ನಿಯಮದ ಪ್ರಕಾರ ಮೂರು ದಿನದ ನಡಿಗೆ, ಎರಡು ರಾತ್ರಿ ತಂಗಬೇಕು. ಎಲ್ಲಿ ತಂಗುವುದು? ಹಿಂದೆ ದಾರಿ ಬದಿ ಗುಂಡುತೋಪು ಇತ್ತು, ಊರ ಮುಂದೆ ಕಲ್ಲಿನ ತೊಟ್ಟಿ ಇತ್ತು. ಈಗ ದಾಬಸ್‌ಪೇಟೆಯಿಂದ ಹೊಸಕೋಟೆವರೆಗೆ ಚತುಷ್ಪಥ ಬಂದಿದೆ. 2024ರ ಮಾರ್ಚಿನಲ್ಲಿ ಉದ್ಘಾಟನೆಯೂ ಆಯಿತು. ಲಾರಿಗೆ ಟೋಲ್ ಗೇಟ್ ಕಟ್ಟಿದವರು ದನಕ್ಕೆ ನೀರಿನ ತೊಟ್ಟಿ ಎಲ್ಲಿ ಕಟ್ಟಿದ್ದಾರೆ, ತೋರಿಸಲಿ.

ನೀರು-ನೆರಳು ಸಿಗದವನು ಬೇಗ ಮುಟ್ಟೋಣ ಅಂತ ಕತ್ತಲಲ್ಲೂ ನಡೆಸುತ್ತಾನೆ. ಆಗಲೇ ಅನಾಹುತ. ಜೋಡೆತ್ತಿನಲ್ಲಿ ಒಂದು ಲಾರಿಗೆ ಸಿಕ್ಕರೆ ಉಳಿದ ಒಂಟಿ ಎತ್ತನ್ನು ಸಂತೆಯಲ್ಲಿ ಕೇಳುವವರಿಲ್ಲ. ಬೈಕಿನವನು ಗುದ್ದಿದರೆ ಅವನ ಮನೆಯೂ ಹೋಯಿತು.

ಅಂಗಡಿಯವರ ದೂರು ಬೇರೆ. ಹಾಲು ಕರೆದುಕೊಂಡು ಹಸುವನ್ನು ಪೇಟೆಬೀದಿಗೆ ಬಿಡುವ ಮಹಾನುಭಾವರು ನಮ್ಮಲ್ಲಿದ್ದಾರೆ. ತರಕಾರಿ ಬುಟ್ಟಿಗೆ ಬಾಯಿ ಹಾಕುವ ಅಂಥ ಬೀಡಾಡಿ ದನವನ್ನು ದೊಡ್ಡಿಗೆ ಕಟ್ಟಿ, ದಂಡ ಹಾಕಿ. ಅದಕ್ಕೆ 1966ರ ಕರ್ನಾಟಕ ಕಾಯ್ದೆಯೇ ಇದೆ. ನಮ್ಮ ತಕರಾರಿಲ್ಲ. ಆದರೆ ಬೀಡಾಡಿ ದನವನ್ನೂ ಕೋಲು ಹಿಡಿದು ಹೊಡೆದುಕೊಂಡು ಹೋಗುವ ದನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ದನ ಗಂಟೆಗೆ 4 ಕಿ.ಮೀ. ನಡೆಯುತ್ತದೆ. ಎರಡು ಗಂಟೆಗೊಮ್ಮೆ ನೀರು ಅಂದರೆ 8 ಕಿ.ಮೀ.ಗೆ ಒಂದು ತೊಟ್ಟಿ. ಹೊಸಕೋಟೆಯಿಂದ ಘಾಟಿಗೆ ಎಂಟು ತೊಟ್ಟಿ ಸಾಕು. ಎರಡು ಕಡೆ ರಾತ್ರಿ ಕಟ್ಟಲು ಜಾಗ, ಮಳೆನೀರು ನಿಲ್ಲದ ಅಂಡರ್‌ಪಾಸು. ಇಷ್ಟಿದ್ದರೆ ದನ ಟಾರು ರಸ್ತೆಗೆ ಯಾಕೆ ಬರುತ್ತದೆ? ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಬರುವ ಲೆಕ್ಕ ಇದು, ಇಂಜಿನಿಯರ್ ಸಾಹೇಬರಿಗೆ ಬರುವುದಿಲ್ಲವೇ?

ರೈತರಿಗೂ ಒಂದು ಮಾತು. ತೊಟ್ಟಿ ಬರುವ ತನಕ ಹಗಲಲ್ಲೇ ನಡೆಸಿ, ಹಿಂದೊಬ್ಬರು ಮುಂದೊಬ್ಬರು ಇರಿ, ರಸ್ತೆ ಅಂಚು ಬಿಡಬೇಡಿ. ಡ್ರೈವರಣ್ಣ, ನೀನೂ ಹಾರ್ನ್ ಬಿಟ್ಟು ಬ್ರೇಕ್ ಹಿಡಿ. ಬೆದರಿದ ದನ ಅಡ್ಡ ಓಡುತ್ತದೆಯೇ ಹೊರತು ದಾರಿ ಬಿಡುವುದಿಲ್ಲ.

ನಿಯಮ ಬರೆದವರು ತೊಟ್ಟಿಯನ್ನೂ ಕಟ್ಟಲಿ. ಆಮೇಲೆ ದಂಡ ಕೇಳಲಿ.